ಪೋಲೀಸರ ಲಾಠಿಯೂ ಬಂದೂಕವೂ

ಉಡುಪಿಯ ರಥಬೀದಿಯಲ್ಲಾಗಲಿ ಕಾಪುವಿನ ಮಾರಿಗುಡಿಯ ಜಾತ್ರೆಯಲ್ಲಾಗಲಿ ಜನಸಂದಣಿಯನ್ನು ಕಾಯುವ ಪೋಲೀಸಿನವನ ಕೈಯಲ್ಲಿ ಸಾಮಾನ್ಯವಾಗಿ ಕಾಣುವುದು ಲಾಠಿಯೇ ಹೊರತು ಬಂದೂಕವಲ್ಲ. ಅದೇ ಜಿಲ್ಲೆಯ ಕಾರ್ಕಳದಲ್ಲಾದರೋ ಬಂದೂಕವಿಲ್ಲದೆ ಹೊರಡದ ನಕ್ಸಲ್ ನಿಗ್ರಹ ಪಡೆಯು ನೆಲೆಗೊಂಡಿತು. ಒಂದೇ ಇಲಾಖೆಗೆ ಈ ಎರಡು ರೂಪಗಳು ಒದಗಿದ ಬಗೆಯು ವಿಚಾರಾರ್ಹವಾಗಿದೆ.

1829ರಲ್ಲಿ ರಾಬರ್ಟ್ ಪೀಲನು ಲಂಡನ್ನಿನಲ್ಲಿ ಕಟ್ಟಿದ ಪಡೆಗೆ ನಿತ್ಯದ ಕಾವಲಿಗೆ ಕೊಟ್ಟುದು ಮರದ ದೊಣ್ಣೆಯನ್ನು. ಊರೊಳಗೆ ಸೇನೆಯನ್ನು ಕಂಡು ಶಂಕಿಸುತ್ತಿದ್ದ ಜನರು ಇದನ್ನೂ ಸೇನೆಯೆಂದೆಣಿಸಬಾರದೆಂಬುದು ಅದರ ಆಶಯ. ಐರ್ಲೆಂಡಿನಲ್ಲಿ ಅದೇ ಸರಕಾರವು ಪೋಲೀಸರಿಗೆ ಬಂದೂಕವನ್ನಿತ್ತಿತು; ಅಲ್ಲಿನ ಪ್ರಜೆಗಳ ಸಮ್ಮತಿಯನ್ನು ಅದು ನೆಚ್ಚಿರಲಿಲ್ಲ. 1843ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ನೇಪಿಯರನು ಇಂಡಿಯಾಕ್ಕೆ ತಂದುದು ಈ ಐರಿಷ್ ಮಾದರಿಯನ್ನೇ. ಆದುದರಿಂದ ಪೋಲೀಸನು ಶಸ್ತ್ರ ಧರಿಸುವುದು ಅಪರಾಧಗಳ ಸಂಖ್ಯೆಯನ್ನು ಮಾತ್ರ ಅವಲಂಬಿಸಿದುದಲ್ಲ. ಆಳುವವರು ಆಳಿಸಿಕೊಳ್ಳುವವರನ್ನು ಎಷ್ಟು ನಂಬುವರೆಂಬುದನ್ನೂ ಅವಲಂಬಿಸಿದೆಯೆಂದು ತೋರುತ್ತದೆ. 1922ರಲ್ಲಿ ಆ ಹಳೆಯ ಪಡೆಯು ವಿಸರ್ಜನೆಗೊಂಡ ಬಳಿಕ ಐರ್ಲೆಂಡು ಸಮವಸ್ತ್ರದ ತನ್ನ ಹೊಸ ಪೋಲೀಸರನ್ನು ನಿಶ್ಶಸ್ತ್ರರನ್ನಾಗಿರಿಸಿತು. ಗುರುವು ಮರೆತ ಪಾಠವನ್ನು ಶಿಷ್ಯರು ಮಾತ್ರ ಬಿಡಲಿಲ್ಲ!

ಮದರಾಸು ಆಧಿಪತ್ಯಕ್ಕೆ ಸೇರಿದ್ದ ನಮ್ಮ ಕನ್ನಡ ಜಿಲ್ಲೆಯ ವೃತ್ತಾಂತವು ಇನ್ನೂ ತೊಡಕಾದುದು. 1816ರ ನಿಬಂಧನೆಯು ಪೋಲೀಸು ಕಾರ್ಯವನ್ನು ಗ್ರಾಮದ ಮುಖ್ಯಸ್ಥರಿಗೂ ಕಂದಾಯದ ಅಧಿಕಾರಿಗಳಿಗೂ ಒಪ್ಪಿಸಿತ್ತು. 1837ರಲ್ಲಿ ಸುಳ್ಯದಿಂದ ಹೊರಟ ದಂಗೆಕಾರರು ಮಂಗಳೂರನ್ನು ಕೆಲದಿನ ವಶಪಡಿಸಿಕೊಂಡಾಗ ಅದನ್ನು ಅಡಗಿಸಲು ಸೈನ್ಯವೇ ಬರಬೇಕಾಯಿತು. ತೆರಿಗೆ ಎತ್ತುವವನೇ ಪೋಲೀಸನೂ ಆಗಿದ್ದುದರ ಫಲವೇನೆಂಬುದನ್ನು 1855ರ ಮದರಾಸು ಚಿತ್ರಹಿಂಸಾ ವಿಚಾರಣಾ ಮಂಡಲಿಯು ಬಯಲಿಗೆಳೆಯಿತು. ಬಳಿಕ 1859ರ ಕಾಯಿದೆಯಿಂದ ಪ್ರತ್ಯೇಕ ಪೋಲೀಸು ಇಲಾಖೆಯು ಹುಟ್ಟಿತು. ಕಾಲಕ್ರಮದಲ್ಲಿ ಠಾಣೆಯವನಿಗೆ ಲಾಠಿಯೂ ಜಿಲ್ಲಾ ಕೇಂದ್ರದ ಮೀಸಲು ಪಡೆಗೆ ಬಂದೂಕವೂ ಎಂಬ ಹಂಚಿಕೆಯು ನೆಲೆಯೂರಿತು. ಲಂಡನ್ನೂ ಐರ್ಲೆಂಡೂ ಹೀಗೆ ಒಂದೇ ಅಂಗಳದಲ್ಲಿ ಕೂಡಿದುವು. ಜಿಲ್ಲಾ ಸಶಸ್ತ್ರ ಮೀಸಲು ಪಡೆಯೆಂಬ ಹೆಸರಿನಲ್ಲಿ ಆ ಹಂಚಿಕೆಯು ಇಂದಿಗೂ ಉಳಿದಿದೆ.

ಲಾಠಿಯೇಟು ನಿರುಪದ್ರವಿಯೆಂದು ಹೇಳುವಂತಿಲ್ಲ. ಆದರೂ ಏಟು ತಿಂದವನು ನ್ಯಾಯಸ್ಥಾನಕ್ಕೆ ಹೋಗಿ ತನ್ನ ಮಾತನ್ನು ಹೇಳಬಲ್ಲನು. ಗುಂಡು ತಗಲಿ ಮಡಿದವನ ಪಕ್ಷದ ಮಾತು ಅಲ್ಲಿಗೇ ನಿಲ್ಲುತ್ತದೆ. 2003ರ ನವೆಂಬರಿನಲ್ಲಿ ಕಾರ್ಕಳದ ಈದುವಿನಲ್ಲಿ ಇಬ್ಬರು ಸ್ತ್ರೀಯರೂ, 2024ರ ನವೆಂಬರಿನಲ್ಲಿ ಹೆಬ್ರಿಯ ಕಬ್ಬಿನಾಲೆಯಲ್ಲಿ ನಕ್ಸಲ್ ನಾಯಕನೊಬ್ಬನೂ ಪೋಲೀಸರ ಗುಂಡಿಗೆ ಬಲಿಯಾದರು. ಅದು ಅನಿವಾರ್ಯವಾದ ಕಾದಾಟವೇ ಎಂಬ ಪ್ರಶ್ನೆಯು ಎದ್ದುದು ಸಹಜವೇ. 2025ರ ಜನವರಿಯಲ್ಲಿ ಉಳಿದವರಲ್ಲಿ ಆರು ಮಂದಿ ಮಧ್ಯಸ್ಥರ ಮೂಲಕ ಮಾತುಕತೆಗೊಪ್ಪಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು.