ಪೆಟ್ಟಿಗೆ ತುಂಬ ಪುಸ್ತಕ ಓದುವ ಐವರು

ಪ್ರತಿ ವರ್ಷ ಐದು ಮನೆಗಳಿಗೆ ಪುಸ್ತಕದ ಪಾರ್ಸೆಲ್‌ಗಳು ಬರತೊಡಗುತ್ತವೆ. ಮುಖಪುಟದಲ್ಲಿ ರಾಕ್ಷಸರಿರುವ ದಪ್ಪ ರಟ್ಟಿನ ಹೊತ್ತಗೆಗಳು, ನಕ್ಷೆಗಳು, ನಾಲ್ಕು ಹಾಳೆ ಮಡಿಸಿ ಪಿನ್ ಹೊಡೆದ ಪುಟ್ಟ ಆಟಗಳು, ಜೊತೆಗೆ ರಾಶಿ ರಾಶಿ ಪಿಡಿಎಫ್. ಓದುವ ಐವರಿಗೆ ಸಂಬಳವಿಲ್ಲ. ನೌಕರಿ, ಸಂಸಾರದ ನಡುವೆಯೇ ನೂರಾರು ಕೃತಿಗಳನ್ನು ನೋಡಿ, ಆದಷ್ಟನ್ನು ಆಡಿ, ವಿಭಾಗಕ್ಕೆ ಕೆಲವೇ ಹೆಸರು ಉಳಿಸಿಕೊಳ್ಳಬೇಕು. ಟೇಬಲ್‌ಟಾಪ್ ಆಟಗಳ ಲೋಕದ ಎನ್ನಿ ಪ್ರಶಸ್ತಿ ಶುರುವಾಗುವುದು ಈ ಐವರಿಂದ.

ಇಲ್ಲಿ ಆಟ ಎಂದರೆ ಪಾತ್ರ ವಹಿಸಿ ಆಡುವ ಆಟ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಸಂದಿಗ್ಧ ಬಂದಾಗ ದಾಳ ಉರುಳಿಸುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಹೊರಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇವುಗಳಿಗೆಲ್ಲ ಹಿರಿಯಣ್ಣ. ನಮ್ಮ ಗುಂಪು ಬೆಂಗಳೂರಿನ ವಿಜಯನಗರದಲ್ಲಿ ಭಾನುವಾರ ಸಂಜೆ ಸೇರುತ್ತದೆ, ಕಥೆ ನಡೆಸುವವಳು ನಾನು. ಪುಸ್ತಕ ಇಂಗ್ಲಿಷಿನದಾದರೂ ಆಟ ನಡೆಯುವುದು ಕನ್ನಡದಲ್ಲೇ.

ಎನ್ನಿ ಪ್ರಶಸ್ತಿ 2001ರಲ್ಲಿ ಆರಂಭವಾಯಿತು. ಕಟ್ಟಿದವರು ಕಂಪನಿಗಳಲ್ಲ, ಅಭಿಮಾನಿಗಳು. ಮುಂದೆ ನಿಂತವರು ರಸ್ ಮಾರಿಸ್ಸಿ. ಇಂಡಿಯಾನಾಪೊಲಿಸ್‌ನ ಜೆನ್ ಕಾನ್ ಮೇಳದಲ್ಲಿ ಪ್ರಶಸ್ತಿ ಪ್ರದಾನ ನಡೆಯುತ್ತದೆ. ಪ್ರಕಾಶಕರು ಕೃತಿಗಳನ್ನು ಕಳಿಸುತ್ತಾರೆ, ಐವರು ತೀರ್ಪುಗಾರರು ಅಂತಿಮ ಪಟ್ಟಿ ಮಾಡುತ್ತಾರೆ, ಅದರಲ್ಲಿ ಚಿನ್ನ ಯಾರಿಗೆ ಬೆಳ್ಳಿ ಯಾರಿಗೆ ಎಂಬುದನ್ನು ಸಾರ್ವಜನಿಕರು ಆನ್‌ಲೈನ್ ಮತದಿಂದ ತೀರ್ಮಾನಿಸುತ್ತಾರೆ. ಬೆಂಗಳೂರಿನಿಂದಲೂ ಮತ ಹಾಕಬಹುದು. ಅಷ್ಟಾದರೂ ನಮ್ಮ ಬಳಗದಲ್ಲಿ ಮತ ಹಾಕುವವರು ಕಡಿಮೆ. ಇದನ್ನು ಸೋಮಾರಿತನ ಎಂದರೆ ನಾನು ಒಪ್ಪುವುದಿಲ್ಲ.

ಒಂದು ಸಾಹಸಕಥೆಯನ್ನು ಆಡಿ ಮುಗಿಸಲು ಎಷ್ಟೋ ಭಾನುವಾರ ಬೇಕು. ದೊಡ್ಡದಾದರೆ ವರ್ಷವೇ ಹಿಡಿಯುತ್ತದೆ. ಒಂದೇ ವಿಭಾಗದ ಅಷ್ಟೂ ಕೃತಿಗಳನ್ನು ಕೊಂಡು, ಆಡಿ, ಹೋಲಿಸಿ ಮತ ಹಾಕುವವರು ಎಲ್ಲಿದ್ದಾರೆ? ಆಡದೆ ಬರಿದೆ ಓದಿ ತೀರ್ಪು ಕೊಡುವುದು ಅಡುಗೆ ಪುಸ್ತಕ ಓದಿ ಸಾರಿನ ರುಚಿ ಹೇಳಿದ ಹಾಗೆ. ಜೊತೆಗೆ ಬೆಲೆಯೂ ಇದೆ. ಹೊರದೇಶದಿಂದ ತರಿಸಿದರೆ ಅಂಚೆ ಖರ್ಚು ಬೇರೆ. ಎನ್ನಿಯಲ್ಲಿ ಉಚಿತ ಆಟಗಳಿಗೂ ಒಂದು ವಿಭಾಗವಿದೆ. ಅಲ್ಲಿ ಮಾತ್ರ ನಾನು ಎಲ್ಲವನ್ನೂ ಓದಿ, ಆಡಿ ನೆಮ್ಮದಿಯಿಂದ ಮತ ಹಾಕುತ್ತೇನೆ. ಓದದ ವಿಭಾಗಗಳನ್ನು ಖಾಲಿ ಬಿಡುತ್ತೇನೆ. ಗೊತ್ತಿಲ್ಲದ್ದಕ್ಕೆ ಮತ ಹಾಕದಿರುವುದು ಪ್ರಾಮಾಣಿಕತೆಯೇ ಎಂದು ನನ್ನ ನಂಬಿಕೆ.

ಆದರೆ ನಮ್ಮಂಥವರು ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ. ದೊಡ್ಡ ಪ್ರಕಾಶಕರಿಗೆ ಸಾವಿರಾರು ಗ್ರಾಹಕರ ಇಮೇಲ್ ಪಟ್ಟಿ ಇರುತ್ತದೆ, "ನಮಗೆ ಮತ ಹಾಕಿ" ಎಂದು ಒಂದು ಸಂದೇಶ ಕಳಿಸಿದರೆ ಸಾಕು. ಮನೆಯಲ್ಲೇ ಕೂತು ಬರೆದು, ತಾನೇ ಅಚ್ಚು ಹಾಕಿಸಿದವರಿಗೆ ಆ ಬಲವಿಲ್ಲ.

ಜನರ ಮತ ತೆಳುವಾಗಿ ಹರಡಿದಾಗ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಮನೆಯ ಉದಾಹರಣೆ ಹ್ಯೂಗೋ ಪ್ರಶಸ್ತಿ. ವೈಜ್ಞಾನಿಕ ಕಥೆಗಳಿಗೆ ಅಭಿಮಾನಿಗಳೇ 1953ರಿಂದ ಕೊಡುತ್ತಿರುವ ಈ ಗೌರವಕ್ಕೆ ಹೆಸರು ಸೂಚಿಸುವವರೂ ಅವರೇ. ಸೂಚಿಸುವ ಸುತ್ತಿನಲ್ಲಿ ಭಾಗವಹಿಸುವವರು ಕಡಿಮೆ, ಮತಗಳು ನೂರಾರು ಕೃತಿಗಳಿಗೆ ಚದುರಿ ಹೋಗುತ್ತವೆ. 2015ರಲ್ಲಿ ಎರಡು ಗುಂಪುಗಳು ಸಿದ್ಧ ಪಟ್ಟಿ ಹಿಡಿದು ಒಟ್ಟಾಗಿ ಸೂಚಿಸಿದವು. ಕೆಲವು ವಿಭಾಗಗಳ ಅಂತಿಮ ಪಟ್ಟಿ ಇಡಿಯಾಗಿ ಅವರ ಪಾಲಾಯಿತು. ಆಗ ಎಚ್ಚೆತ್ತ ಅಭಿಮಾನಿಗಳು ಕೊನೆಯ ಸುತ್ತಿನಲ್ಲಿ 5,950 ಮತ ಹಾಕಿ, ಐದು ವಿಭಾಗಗಳಲ್ಲಿ ಯಾರಿಗೂ ಪ್ರಶಸ್ತಿ ಬೇಡ ಎಂದರು. ಸೂಚನೆಗಳನ್ನು ಎಣಿಸುವ ಲೆಕ್ಕಾಚಾರವನ್ನೇ 2017ರಿಂದ ಬದಲಿಸಬೇಕಾಯಿತು. ಒಳ್ಳೆಯ ಬರಹಗಾರರು ಕೆಲವರು ಆ ಗಲಾಟೆಯಲ್ಲಿ ಸುಮ್ಮನೆ ನಲುಗಿದರು. ನನಗೆ ಇಂದಿಗೂ ಬೇಸರವಿರುವುದು ಅದರ ಬಗ್ಗೆ.

ಎನ್ನಿಯಲ್ಲಿ ಹೀಗಾಗುವುದು ಕಷ್ಟ, ಏಕೆಂದರೆ ಪಟ್ಟಿಯನ್ನು ಗುಂಪು ಮಾಡುವುದಿಲ್ಲ, ಓದಿದ ಐವರು ಮಾಡುತ್ತಾರೆ. ಕೊನೆಯ ಸುತ್ತಿನಲ್ಲಿ ಜನಪ್ರಿಯತೆಯೇ ಗೆದ್ದರೂ ಗೆಲ್ಲುವುದು ಯಾರೋ ಕೂತು ಓದಿ ಯೋಗ್ಯವೆಂದ ಕೃತಿ. ಸಣ್ಣವರಿಗೆ ಇದರಿಂದ ದಾರಿ ತೆರೆದಿದೆ. 2020ರಲ್ಲಿ ಸ್ವೀಡನ್ನಿನ ಪೆಲ್ಲೆ ನಿಲ್ಸನ್ ಮತ್ತು ಯೋಹಾನ್ ನೋರ್ ರೂಪಿಸಿದ, ಕಪ್ಪು ಹಳದಿ ಬಣ್ಣಗಳಲ್ಲಿ ಕಿರುಚುವಂಥ ಮೊರ್ಕ್ ಬೋರ್ಗ್ ವರ್ಷದ ಕೃತಿಯಾಗಿ ಚಿನ್ನ ಪಡೆಯಿತು. ಅದೇ ವರ್ಷ ಟಿಮ್ ಹಚಿಂಗ್ಸ್ ಅವರ ಥೌಸಂಡ್ ಇಯರ್ ಓಲ್ಡ್ ವ್ಯಾಂಪೈರ್ ನಿಯಮಗಳಿಗಾಗಿ ಚಿನ್ನ ಗೆದ್ದಿತು. ಒಬ್ಬರೇ ಕೂತು, ದಿನಚರಿ ಬರೆಯುತ್ತ ಆಡುವ ಆಟ ಅದು. ಹಳೆಯ ನೆನಪುಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ಹೋಗಬೇಕು. ಆಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾದರೆ ಐವರನ್ನು ಆರಿಸುವವರು ಯಾರು? ಮತ್ತೆ ನಾವೇ. ತೀರ್ಪುಗಾರರೂ ಪ್ರತಿ ವರ್ಷ ಸಾರ್ವಜನಿಕ ಮತದಿಂದ ಬರುತ್ತಾರೆ. ನಾನು ಹೇಳಹೊರಟಿರುವುದು ಈ ಮತದ ಬಗ್ಗೆ. ಚಿನ್ನ ಯಾರಿಗೆ ಎಂದು ವಾರಗಟ್ಟಲೆ ಚರ್ಚಿಸುವ ಗೆಳೆಯರು ತೀರ್ಪುಗಾರರ ಹೆಸರು ಬಂದಾಗ ಮುಂದಕ್ಕೆ ಸರಿಯುತ್ತಾರೆ. ನೂರಾರು ಕೃತಿಗಳಲ್ಲಿ ಯಾವುದು ಜನರ ಕಣ್ಣಿಗೆ ಬೀಳಬೇಕು ಎಂಬುದು ತೀರ್ಮಾನವಾಗುವುದು ಇಲ್ಲಿ. ಇದಕ್ಕೆ ಎಲ್ಲ ಪುಸ್ತಕ ಓದಿರಬೇಕಿಲ್ಲ, ದುಡ್ಡೂ ಬೇಡ. ನಿಂತವರು ಏನು ಬರೆದುಕೊಂಡಿದ್ದಾರೆ, ಯಾವ ಬಗೆಯ ಆಟ ಆಡಿದ್ದಾರೆ ಎಂದು ಅರ್ಧ ಗಂಟೆ ನೋಡಿದರೆ ಸಾಕು.

ಜರ್ಮನಿಯಲ್ಲಿ ಬೋರ್ಡ್ ಆಟಗಳಿಗೆ 1979ರಿಂದ ಕೊಡುವ ಷ್ಪೀಲ್ ಡೆಸ್ ಯಾರೆಸ್ ಪ್ರಶಸ್ತಿಗೆ ಸಾರ್ವಜನಿಕ ಮತವೇ ಇಲ್ಲ. ವಿಮರ್ಶಕರ ಮಂಡಳಿ ಆಡಿ ತೀರ್ಮಾನಿಸುತ್ತದೆ. 1995ರಲ್ಲಿ ಕಟಾನ್ ಗೆದ್ದದ್ದು ಹಾಗೆ. ಆ ಮಂಡಳಿಯ ಮೇಲೆ ನನಗೆ ಗೌರವವಿದೆ, ಆದರೂ ನನ್ನ ಒಲವು ಎನ್ನಿಯ ಕಡೆಗೇ. ಇಲ್ಲಿ ತೀರ್ಪುಗಾರರು ನಮ್ಮ ನಡುವಿನವರು, ನಾವು ಮನಸ್ಸು ಮಾಡಿದರೆ ಬದಲಿಸಬಹುದಾದವರು. ಇನ್ನೊಂದು ಕಾರಣವೂ ಇದೆ: ಐವರಲ್ಲಿ ಪ್ರತಿಯೊಬ್ಬರೂ ತಮಗೆ ಮೆಚ್ಚಾದ ಒಂದು ಕೃತಿಯನ್ನು, ಯಾರ ಮತದ ಹಂಗೂ ಇಲ್ಲದೆ, ಪ್ರತ್ಯೇಕವಾಗಿ ಗೌರವಿಸುತ್ತಾರೆ. ಚಿನ್ನದ ಪಟ್ಟಿಗಿಂತ ಮೊದಲು ನಾನು ಹುಡುಕುವುದು ಆ ಐದು ಹೆಸರು.

ಈ ಸಲ ಮತದಾನ ತೆರೆದಾಗ ನಮ್ಮ ಗುಂಪಿನಲ್ಲಿ ಒಂದು ಭಾನುವಾರದ ಆಟ ತಡವಾಗಿ ಶುರುವಾಗಲಿದೆ. ತೀರ್ಪುಗಾರರಾಗಲು ನಿಂತವರ ಪರಿಚಯಗಳನ್ನು ಮೊದಲು ಗಟ್ಟಿಯಾಗಿ ಓದುತ್ತೇವೆ. ಸಣ್ಣ ಪ್ರಕಾಶಕರ ಆಟಗಳನ್ನು ಆಡಿದವರು ಯಾರು, ಇಂಗ್ಲಿಷ್ ಮನೆಮಾತಲ್ಲದವರ ಜೊತೆ ಕೂತು ಆಡಿದವರು ಯಾರು ಎಂಬುದು ನಾನು ಕೇಳಲಿರುವ ಪ್ರಶ್ನೆ. ಉಳಿದವರ ಪ್ರಶ್ನೆಗಳು ಬೇರೆ ಇದ್ದಾವು. ದಾಳ ಅದಾದ ಮೇಲೆ.