ವಿಂಡೋಸ್ ಮೇಲೇಕೆ ಈ ಮುನಿಸು?

ಹೊಸಪೇಟೆ: ಮದುವೆಯ ಹಂಗಾಮು ಬಂತೆಂದರೆ ಇಲ್ಲಿನ ಡಿಟಿಪಿ ಅಂಗಡಿಗಳಿಗೆ ಬಿಡುವಿಲ್ಲ. ಕಂಪ್ಲಿಯ ರೈತರಿಗೆ ಪಹಣಿ ದೊರೆಯುವುದು ಗಣಕಯಂತ್ರದಿಂದ. ಸಂಡೂರಿನ ಅದಿರು ಸಾಗಣೆಗೆ ಆನ್‌ಲೈನ್ ಪರವಾನಗಿ ಬೇಕು. ಹಂಪಿಗೆ ಬಂದ ವಿದೇಶಿ ಪ್ರವಾಸಿಗರ ವಿವರಗಳನ್ನು ವಸತಿಗೃಹದವರು 24 ಗಂಟೆಯೊಳಗೆ ಅಂತರ್ಜಾಲದ ಮೂಲಕ ಸಲ್ಲಿಸಬೇಕು. ಇಂತಹ ಕೆಲಸಗಳಿಗೆ ಬಳಕೆಯಾಗುವ ಕಂಪ್ಯೂಟರುಗಳಲ್ಲಿ ಬಹುಪಾಲು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆಯನ್ನೇ ನಂಬಿವೆ. ಆ ನಂಬಿಕೆ ಈಗ ಸಡಿಲಗೊಳ್ಳುತ್ತಿದೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಕೊನೆಗೊಂಡಿತು. 2015ರಲ್ಲಿ ಅದು ಬಿಡುಗಡೆಯಾದಾಗ, ಇದೇ ವಿಂಡೋಸ್‌ನ ಕೊನೆಯ ಆವೃತ್ತಿ ಎಂದು ಕಂಪನಿಯ ಉದ್ಯೋಗಿಯೊಬ್ಬರು ಸಾರಿದ್ದರು. ಆದರೆ 2021ರಲ್ಲಿ ವಿಂಡೋಸ್ 11 ಬಂದಿತು. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು. ಇಂಟೆಲ್ ಪ್ರೊಸೆಸರ್ ಆಗಿದ್ದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅದಕ್ಕಿಂತ ಹೊಸದೋ ಆಗಿರಬೇಕು. ಪರಿಣಾಮವಾಗಿ 2017ಕ್ಕೂ ಮುನ್ನ ಕೊಂಡ, ಇಂದಿಗೂ ಸುಸ್ಥಿತಿಯಲ್ಲಿರುವ ಯಂತ್ರಗಳಲ್ಲಿ ಹೆಚ್ಚಿನವು ಅನರ್ಹವಾದವು. ಗುಪ್ತಪದ ಮತ್ತು ಕಡತಗಳ ರಕ್ಷಣೆಗೆ ಈ ಘಟಕ ನೆರವಾಗುತ್ತದೆ ಎಂಬುದು ನಿಜ. ಆದರೆ ಅದರ ವೆಚ್ಚ ಬೀಳುವುದು ಬಳಕೆದಾರರ ಮೇಲೆ.

ಗುಣಮಟ್ಟ ಕುಸಿದದ್ದೇಕೆ?

ವಿಂಡೋಸ್ ಬಗೆಗಿನ ಅಸಮಾಧಾನ ಹೊಸದೇನಲ್ಲ. 2007ರಲ್ಲಿ ವಿಸ್ಟಾ ನಿಧಾನವೆಂದು ಜನ ಎಕ್ಸ್‌ಪಿಯಲ್ಲೇ ಉಳಿದರು. 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಗುಂಡಿ ಮಾಯವಾದಾಗ ವಿಂಡೋಸ್ 7ನ್ನು ಬಿಡಲಿಲ್ಲ. ಹಳೆಯದರಲ್ಲೇ ಉಳಿಯುವ ಈ ಸ್ವಾತಂತ್ರ್ಯ ಕಂಪನಿಗೆ ಕಿವಿ ಹಿಂಡುತ್ತಿತ್ತು. ಸ್ಟಾರ್ಟ್ ಮೆನು ವಿಂಡೋಸ್ 10ರಲ್ಲಿ ಮರಳಿ ಬಂದಿತು.

ವಿಂಡೋಸ್ 10ರ ನಂತರ ಪರಿಸ್ಥಿತಿ ಬದಲಾಯಿತು. ಪರಿಷ್ಕರಣೆಗಳು ತಾವಾಗಿಯೇ ಬರತೊಡಗಿದವು. ಹೋಮ್ ಆವೃತ್ತಿಯವರು ಅವನ್ನು ಕೆಲವು ವಾರ ಮುಂದೂಡಬಹುದೇ ಹೊರತು ಸಲೀಸಾಗಿ ನಿರಾಕರಿಸುವಂತಿಲ್ಲ. 2014ರಲ್ಲಿ ಕಂಪನಿ ಭಾರಿ ಪ್ರಮಾಣದಲ್ಲಿ ಉದ್ಯೋಗ ಕಡಿತ ಮಾಡಿದಾಗ ಪರೀಕ್ಷಕರ ಹುದ್ದೆಗಳೂ ಕಡಿಮೆಯಾದವು. ಅದೇ ವರ್ಷ ಸ್ವಯಂಪ್ರೇರಿತ ಬಳಕೆದಾರರಿಂದ ಪರೀಕ್ಷೆ ಮಾಡಿಸುವ ‘ಇನ್‌ಸೈಡರ್’ ಯೋಜನೆ ಆರಂಭವಾಯಿತು. ಈ ಬದಲಾವಣೆಯೇ ದೋಷಗಳಿಗೆ ದಾರಿಯಾಯಿತೆಂದು ಟೀಕಾಕಾರರು ವಾದಿಸುತ್ತಾರೆ.

ದೋಷಗಳ ಉದಾಹರಣೆಗಳಿಗೆ ಕೊರತೆಯಿಲ್ಲ. 2018ರ ಅಕ್ಟೋಬರ್‌ನ ಪರಿಷ್ಕರಣೆ ಕೆಲವರ ಕಡತಗಳನ್ನೇ ಅಳಿಸಿಹಾಕಿತು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಬೇಕಾಯಿತು. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 11ರ ಪರಿಷ್ಕರಣೆಯೊಂದರಿಂದ, ಕೆಟ್ಟ ಯಂತ್ರವನ್ನು ಸರಿಪಡಿಸಲೆಂದೇ ಇರುವ ದುರಸ್ತಿ ಪರದೆಯಲ್ಲಿ ಯುಎಸ್‌ಬಿ ಕೀಲಿಮಣೆ ಮತ್ತು ಮೌಸ್ ಕೆಲಸ ನಿಲ್ಲಿಸಿದವು. ಕಂಪನಿ ತುರ್ತಾಗಿ ಪರಿಹಾರ ಬಿಡುಗಡೆ ಮಾಡಿತು.

ಇದರ ಜೊತೆಗೆ ಸ್ಟಾರ್ಟ್ ಮೆನುವಿನಲ್ಲಿ ‘ಶಿಫಾರಸು’ಗಳ ಹೆಸರಿನ ಜಾಹೀರಾತು, ಆರಂಭದಲ್ಲೇ ಮೈಕ್ರೋಸಾಫ್ಟ್ ಖಾತೆಯ ಒತ್ತಾಯ, ಕೇಳದಿದ್ದರೂ ಬಂದು ಕೂರುವ ಕೋಪೈಲಟ್. 2025ರ ನವೆಂಬರ್‌ನಲ್ಲಿ ವಿಂಡೋಸ್ ವಿಭಾಗದ ಮುಖ್ಯಸ್ಥ ಪವನ್ ದಾವುಲೂರಿ, ವಿಂಡೋಸ್ ಕೃತಕ ಬುದ್ಧಿಮತ್ತೆಯ ‘ಏಜೆಂಟ್’ ವ್ಯವಸ್ಥೆಯಾಗಿ ಬೆಳೆಯುತ್ತಿದೆ ಎಂದಾಗ ಬಳಕೆದಾರರಿಂದ ಟೀಕೆಗಳ ಸುರಿಮಳೆಯಾಯಿತು. ಸುಧಾರಿಸಬೇಕಾದದ್ದು ಸಾಕಷ್ಟಿದೆ ಎಂದು ಅವರೂ ಒಪ್ಪಿಕೊಂಡರು.

ಕನ್ನಡದ ಕಷ್ಟ

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಅಕ್ಷರಶೈಲಿ ಬಂದಿತಾದರೂ ಮುದ್ರಣ ಕ್ಷೇತ್ರ ಬಹುಕಾಲ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಸಂಕೇತ ಪದ್ಧತಿಯಲ್ಲೇ ಉಳಿಯಿತು. ಪೇಜ್‌ಮೇಕರ್‌ನ ಅಭಿವೃದ್ಧಿ ನಿಂತು ಎರಡು ದಶಕ ಕಳೆದರೂ ಅದನ್ನು ಬಿಡದವರಿದ್ದಾರೆ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಆದ್ದರಿಂದ 32 ಬಿಟ್ ಚಾಲಕ ತಂತ್ರಾಂಶವನ್ನು ಮಾತ್ರ ಹೊಂದಿರುವ ಹಳೆಯ ಪ್ರಿಂಟರುಗಳು ಅದರಲ್ಲಿ ನಡೆಯುವುದಿಲ್ಲ. ಅಂದರೆ, ಅಂತಹ ಅಂಗಡಿಯವರು ಕಂಪ್ಯೂಟರ್ ಜೊತೆ ಪ್ರಿಂಟರನ್ನೂ ಬದಲಿಸಬೇಕು.

ಮುಂದೇನು?

ಬೆಂಬಲ ನಿಂತರೂ ವಿಂಡೋಸ್ 10 ಯಂತ್ರ ನಡೆಯುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಪರಿಹಾರ ಬರುವುದಿಲ್ಲ. ಬ್ಯಾಂಕ್ ವ್ಯವಹಾರ ಮತ್ತು ಗ್ರಾಹಕರ ಆಧಾರ್ ವಿವರಗಳನ್ನು ನಿರ್ವಹಿಸುವ ಯಂತ್ರಗಳಲ್ಲಿ ಇದು ಅಪಾಯಕಾರಿ. ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ಪರಿಷ್ಕರಣೆ ನೀಡುವುದಾಗಿ ಕಂಪನಿ 2025ರಲ್ಲಿ ಪ್ರಕಟಿಸಿತು. ತಮ್ಮ ಸಿದ್ಧತೆಗಳನ್ನು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಂದಿಸಿಕೊಂಡವರಿಗೆ ಅದು ಉಚಿತ ಎಂದೂ ಹೇಳಿತು.

ಎರಡನೆಯ ದಾರಿ ಲಿನಕ್ಸ್. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಹಲವು ವರ್ಷಗಳಿಂದ ಈ ಮುಕ್ತ ತಂತ್ರಾಂಶವನ್ನೇ ಬಳಸುತ್ತಿವೆ. ಹಳೆಯ ಯಂತ್ರದಲ್ಲೂ ಅದು ಹಗುರವಾಗಿ ನಡೆಯುತ್ತದೆ. ಯೂನಿಕೋಡ್ ಕನ್ನಡಕ್ಕೆ ಅಡ್ಡಿಯಿಲ್ಲ. ಆದರೆ ವಿಂಡೋಸ್‌ಗೆಂದೇ ಬರೆದ ಡಿಟಿಪಿ ಮತ್ತು ಲೆಕ್ಕಪತ್ರ ತಂತ್ರಾಂಶಗಳೆಲ್ಲ ಅದರಲ್ಲಿ ನಡೆಯುತ್ತವೆಂಬ ಖಾತ್ರಿಯಿಲ್ಲ. ಬೆರಳಚ್ಚು ಯಂತ್ರದ ಚಾಲಕ ತಂತ್ರಾಂಶ ಸಿಗುತ್ತದೆಯೇ ಎಂದೂ ಮೊದಲೇ ವಿಚಾರಿಸಬೇಕು.

ಯಾವ ದಾರಿ ಹಿಡಿದರೂ ಮೊದಲು ಕಡತಗಳನ್ನೂ ಅಕ್ಷರಶೈಲಿಗಳನ್ನೂ ಪ್ರತ್ಯೇಕ ಡಿಸ್ಕಿನಲ್ಲಿ ನಕಲು ಮಾಡಿಟ್ಟುಕೊಳ್ಳಬೇಕು. ಮುಂದೆ ಬೇಕಾಗುವ ಹಳೆಯ ನುಡಿ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿಕೊಂಡರೆ, ನಾಳೆ ಯಾವ ಕಂಪನಿ ಬೆಂಬಲ ನಿಲ್ಲಿಸಿದರೂ ಅಕ್ಷರಗಳು ಉಳಿಯುತ್ತವೆ. ಬೇಡವೆಂದು ಹೇಳುವ ಸ್ವಾತಂತ್ರ್ಯ ಬಳಕೆದಾರನಿಗೆ ಮರಳಿ ಸಿಗುವುದು ಅಲ್ಲಿಂದಲೇ.