ಮನಸ್ಸಿನ ಭಾರ ತುಟಿಯ ಮೇಲೆ

ಸಹೋದರಿಯರೇ, ಕನ್ನಡಿಯ ಮುಂದೆ ನಿಂತು ಒಮ್ಮೆ ನಿಮ್ಮ ತುಟಿಗಳನ್ನು ನೋಡಿಕೊಳ್ಳಿ. ಒಡೆದಿವೆಯೇ? ಸಿಪ್ಪೆ ಎದ್ದಿದೆಯೇ? ಕೆಳತುಟಿಯ ಒಳಬದಿಯಲ್ಲಿ ಹಲ್ಲಿನ ಗುರುತಿದೆಯೇ?

"ಎಲ್ಲಾ ಬಿಸಿಲಿನ ಝಳ" ಎಂದು ಸುಮ್ಮನಾಗುವುದು ನಮ್ಮ ರೂಢಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸತಲ್ಲ. ಚಳಿಗಾಲದ ಒಣಗಾಳಿಯೂ ತುಟಿಯನ್ನು ಬಿಡುವುದಿಲ್ಲ. ಆದರೆ ಮಳೆಗಾಲ ಬಂದರೂ ತುಟಿ ವಾಸಿಯಾಗದಿದ್ದರೆ? ಆಗ ಕಾರಣವನ್ನು ಮನಸ್ಸಿನೊಳಗೂ ಹುಡುಕಬೇಕು.

ಒಂದು ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ನನ್ನ ವಿದ್ಯಾರ್ಥಿನಿಯೊಬ್ಬಳ ತುಟಿಯಲ್ಲಿ ರಕ್ತ ಜಿನುಗುತ್ತಿತ್ತು. ಗದರಿಸಿದರೆ ಇನ್ನೂ ಹೆಚ್ಚು ಕಚ್ಚುತ್ತಿದ್ದಳು. ಬಿಡುವಿನಲ್ಲಿ ಹತ್ತಿರ ಕೂರಿಸಿ ಕೇಳಿದಾಗ ತಿಳಿಯಿತು: ತಂದೆ ದುಡಿಯಲು ಗೋವಾಕ್ಕೆ ಹೋಗಿದ್ದಾರೆ, ಫೇಲಾದರೆ ಓದು ಬಿಡಿಸಿ ಮದುವೆ ಮಾಡಿಬಿಡುತ್ತಾರೆ ಎಂಬ ಭಯ. ತಾಯಿ ದಿನವೂ ಮುಲಾಮು ಹಚ್ಚುತ್ತಿದ್ದರು. ಭಯದ ಬಗ್ಗೆ ಯಾರೂ ಕೇಳಿರಲಿಲ್ಲ.

ತುಟಿಗೇ ಏಕೆ?

ತುಟಿಯ ಚರ್ಮ ಬಹಳ ತೆಳು. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ, ಎಣ್ಣೆಯ ಪಸೆಯೂ ಇಲ್ಲವೆನ್ನುವಷ್ಟು ಕಡಿಮೆ. ಚಿಂತೆಯಲ್ಲಿದ್ದಾಗ ನಮಗೇ ಗೊತ್ತಿಲ್ಲದೆ ತುಟಿ ಕಚ್ಚುತ್ತೇವೆ, ಸಿಪ್ಪೆ ಕೀಳುತ್ತೇವೆ, ನಾಲಿಗೆಯಿಂದ ಸವರುತ್ತೇವೆ. ಎಂಜಲು ಆರುವಾಗ ತುಟಿಯ ತೇವವನ್ನೂ ಒಯ್ಯುತ್ತದೆ. ಅದರಲ್ಲಿರುವ ಜೀರ್ಣರಸ ಚರ್ಮವನ್ನು ಕೆರಳಿಸುತ್ತದೆ. ಸವರಿದಷ್ಟೂ ಒಣಗುತ್ತದೆ, ಒಣಗಿದಷ್ಟೂ ಸವರುತ್ತೇವೆ. ಜೊತೆಗೆ ಚಿಂತೆಯಲ್ಲಿ ಊಟ, ನೀರು ಮರೆತು ಬರೀ ಚಹಾದಲ್ಲೇ ದಿನ ಕಳೆಯುವವರೂ ನಮ್ಮಲ್ಲಿದ್ದಾರೆ.

ನೀರುಗುಳ್ಳೆಗಳ ಬಗ್ಗೆ ಎಚ್ಚರ

ಕೆಲವರಿಗೆ ತುಟಿಯ ಅಂಚಿನಲ್ಲಿ ಮೊದಲು ಚುರುಚುರು ಎಂದು, ಆಮೇಲೆ ಸಣ್ಣ ನೀರುಗುಳ್ಳೆಗಳ ಗೊಂಚಲು ಏಳುತ್ತದೆ. ಇದು ಹರ್ಪಿಸ್ ಎಂಬ ವೈರಸ್‌ನ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ನೂರು ಜನರಲ್ಲಿ ಸುಮಾರು 64 ಮಂದಿಯ ದೇಹದಲ್ಲಿ ಇದು ಇದೆ. ಒಮ್ಮೆ ಒಳಹೊಕ್ಕರೆ ನರದ ಬುಡದಲ್ಲಿ ಅಡಗಿ ಮಲಗುತ್ತದೆ. ಜ್ವರ, ಬಿಸಿಲು, ಮುಟ್ಟು, ನಿದ್ದೆಗೇಡು, ಮಾನಸಿಕ ಒತ್ತಡ ಇವು ಅದನ್ನು ಎಬ್ಬಿಸಬಹುದು. ಒತ್ತಡ ದೀರ್ಘವಾದಾಗ ದೇಹದ ರೋಗನಿರೋಧಕ ಶಕ್ತಿ ಕುಗ್ಗುವುದೂ ಇದಕ್ಕೆ ಒಂದು ಕಾರಣ.

ಚುರುಚುರು ಶುರುವಾದಾಗಲೇ ವೈದ್ಯರನ್ನು ಕಂಡರೆ ಔಷಧಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗುಳ್ಳೆ ಇರುವಾಗ ಲೋಟ, ಟವೆಲ್ ಬೇರೆ ಇಡಿ. ಮುಖ್ಯವಾಗಿ ಹಸುಗೂಸಿಗೆ ಮುತ್ತಿಡಬೇಡಿ. ದೊಡ್ಡವರಿಗೆ ನಾಲ್ಕು ದಿನದ ಕಿರಿಕಿರಿಯಾದದ್ದು ನವಜಾತ ಶಿಶುವಿನ ಪ್ರಾಣಕ್ಕೇ ಅಪಾಯ ತರಬಹುದು.

ಎಲ್ಲವೂ ಚಿಂತೆಯಿಂದಲ್ಲ

ಬಾಯಿಯ ಮೂಲೆಗಳು ಸೀಳಿದರೆ ಕಬ್ಬಿಣ ಅಥವಾ ಬಿ ಜೀವಸತ್ವದ ಕೊರತೆ ಇರಬಹುದು. ರೊಟ್ಟಿಯ ಜೊತೆ ಸೊಪ್ಪು, ಕಾಳಿನ ಪಲ್ಯ, ಮೊಸರು, ಮೊಟ್ಟೆ ತಿನ್ನಿ. ಮನೆಯವರಿಗೆಲ್ಲ ಬಡಿಸಿ ಉಳಿದದ್ದನ್ನು ತಿನ್ನುವ ಅಭ್ಯಾಸ ಬಿಡಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಮಚ್ಚೆ, ಗಂಟು ಕಂಡರೆ ತಾಲೂಕು ಆಸ್ಪತ್ರೆಗೆ ಹೋಗಿ ತೋರಿಸಿ. ತಂಬಾಕು ಅಗಿಯುವ, ಹಲ್ಲಿಗೆ ತಿಕ್ಕುವ ಅಭ್ಯಾಸವಿದ್ದರಂತೂ ತಡಮಾಡಲೇಬಾರದು.

ನೀವು ಮಾಡಬಹುದಾದದ್ದು

* ಮಲಗುವ ಮುನ್ನ ವ್ಯಾಸಲೀನ್ ಅಥವಾ ತುಪ್ಪ ಸವರಿ. ಸಿಪ್ಪೆ ಕೀಳಬೇಡಿ.
* ಇಂಡಿಯ ಲಿಂಬೆ ಎಷ್ಟೇ ಹೆಸರಾಗಿದ್ದರೂ ಒಡೆದ ತುಟಿಗೆ ಉಜ್ಜಬೇಡಿ, ಉರಿ ಹೆಚ್ಚುತ್ತದೆ. ಶರಬತ್ತು ಮಾಡಿ ಕುಡಿಯಿರಿ.
* ರಮಝಾನ್‌ನಲ್ಲಿ ಇಫ್ತಾರ್‌ನಿಂದ ಸಹರಿಯವರೆಗೆ ಆಗಾಗ ನೀರು ಕುಡಿಯಿರಿ.
* ಯಾವ ಹೊತ್ತಿನಲ್ಲಿ, ಯಾವ ಯೋಚನೆ ಬಂದಾಗ ತುಟಿ ಕಚ್ಚುತ್ತೀರಿ ಎಂದು ಗಮನಿಸಿ.
* ಚಿಂತೆಯನ್ನು ನಂಬಿಕೆಯವರೊಬ್ಬರ ಮುಂದೆ ಹೇಳಿಕೊಳ್ಳಿ. ಮನೆಯಲ್ಲಿ ಹೇಳಲಾಗದಿದ್ದರೆ 2022ರಲ್ಲಿ ಆರಂಭವಾದ ಸರಕಾರದ ಟೆಲಿಮಾನಸ್ ಸಹಾಯವಾಣಿಗೆ, 14416ಕ್ಕೆ, ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಆ ಹುಡುಗಿಯ ತಾಯಿಯನ್ನು ನಾನು ಶಾಲೆಗೆ ಕರೆಸಿದೆ. "ಫೇಲಾದರೆ ಮತ್ತೊಮ್ಮೆ ಬರಿ, ಓದು ಬಿಡಿಸುವುದಿಲ್ಲ" ಎಂದು ಆಕೆ ಮಗಳ ಮುಂದೆಯೇ ಹೇಳಿದರು. ತುಟಿ ಅಂದೇ ವಾಸಿಯಾಗಲಿಲ್ಲ, ಆದರೆ ಕಚ್ಚುವುದು ದಿನೇ ದಿನೇ ಕಡಿಮೆಯಾಯಿತು.

ನಿಮ್ಮ ಮನೆಯಲ್ಲೂ ಯಾರದಾದರೂ ತುಟಿ ಪದೇ ಪದೇ ಒಡೆಯುತ್ತಿದೆಯೇ? ಮುಲಾಮಿನ ಡಬ್ಬಿ ಕೊಡುವಾಗಲೇ ಪಕ್ಕದಲ್ಲಿ ಕುಳಿತು ಕೇಳಿ: "ಏನಾಗಿದೆ ಮಗಳೇ?" ನಿಮ್ಮದೇ ತುಟಿಯಾದರೆ, ಯಾರಾದರೂ ಕೇಳಲಿ ಎಂದು ಕಾಯಬೇಡಿ. ನೀವೇ ಹೇಳಿ.